ನೌಕಾಬಲದ ಬೇರು ನೆಲದಲ್ಲಿದೆ

ನೌಕಾಬಲವೆಂಬ ಮಾತನ್ನು ಕೇಳಿದೊಡನೆ ನಮ್ಮಲ್ಲಿ ಬಹುಮಂದಿಯ ಕಣ್ಣಿಗೆ ಕಟ್ಟುವುದು ಬೂದುಬಣ್ಣದ ಯುದ್ಧನೌಕೆ, ಅದರ ಮೇಲಿನ ಫಿರಂಗಿಗಳು, ಬಿಳಿಯ ಉಡುಪು ತೊಟ್ಟು ಸಾಲಾಗಿ ನಿಂತ ನಾವಿಕರು. ಕಡಲಿನಿಂದ ದೂರದ ಬಯಲುಸೀಮೆಯ ಪಟ್ಟಣಗಳಲ್ಲಿ ವಾಸಿಸುವ ನಮಗೆ ಈ ವಿಷಯವು ಹತ್ತಿರದ್ದಲ್ಲವೆಂದು ತೋರುವುದೂ ಸಹಜವೇ. ಆದರೆ ಸ್ವಲ್ಪ ವಿಚಾರ ಮಾಡಿ ನೋಡಿದರೆ, ಯುದ್ಧನೌಕೆಯೆಂಬುದು ಒಂದು ದೊಡ್ಡ ಮರದ ತುದಿಯಲ್ಲಿ ಅರಳಿದ ಹೂವಿನಂತೆ. ಅದರ ಬೇರುಗಳು ಕಾಡಿನಲ್ಲಿ, ಗಣಿಯಲ್ಲಿ, ಉಕ್ಕಿನ ಕುಲುಮೆಯಲ್ಲಿ, ಬೆಸುಗೆಗಾರನ ಕೈಯಲ್ಲಿ, ಸರಕು ಹೊತ್ತು ತಿರುಗುವ ವಾಣಿಜ್ಯನೌಕೆಯಲ್ಲಿ ಹರಡಿಕೊಂಡಿವೆ. ಈ ಹೊತ್ತು ನಾವು ಹೂವನ್ನು ಬಿಟ್ಟು ಬೇರುಗಳ ಕಡೆಗೆ ಗಮನವಿಡೋಣ.

ಮೊದಲು ಮರದ ಹಡಗುಗಳ ಕಾಲವನ್ನು ತೆಗೆದುಕೊಳ್ಳಬಹುದು. ಎಪ್ಪತ್ತನಾಲ್ಕು ಫಿರಂಗಿಗಳ ಒಂದು ಯುದ್ಧನೌಕೆಯನ್ನು ಕಟ್ಟಲು ಸುಮಾರು 2000 ಓಕ್ ಮರಗಳು ಬೇಕಾಗುತ್ತಿದ್ದವೆಂದು ಲೆಕ್ಕ ಹೇಳುತ್ತಾರೆ. ಹದಿನೆಂಟನೆಯ ಶತಮಾನದ ಬ್ರಿಟಿಷ್ ನೌಕಾಪಡೆಯು ಜಗತ್ತಿನಲ್ಲಿಯೇ ದೊಡ್ಡದಾಗಿದ್ದಿತು. ಆದರೆ ಅದರ ಕೂವೆಮರ, ಹಗ್ಗದ ನಾರು, ಒಡಲಿಗೆ ಬಳಿಯುವ ಟಾರು ಇವೆಲ್ಲ ಬಹುಮಟ್ಟಿಗೆ ಬಾಲ್ಟಿಕ್ ಸಮುದ್ರದ ಕಡೆಯಿಂದ ಬರಬೇಕಾಗಿದ್ದಿತು. ನೆಪೋಲಿಯನ್ನನ ಯುದ್ಧಗಳ ಕಾಲದಲ್ಲಿ ಓಕ್ ಮರದ ಅಭಾವ ತಲೆದೋರಿದಾಗ ಆ ಪಡೆಯ ದೃಷ್ಟಿಯು ನಮ್ಮ ಪಶ್ಚಿಮ ಕರಾವಳಿಯ ತೇಗದ ಕಾಡುಗಳ ಮೇಲೆ ಬಿದ್ದಿತು. 1806ರಲ್ಲಿ ಕ್ಯಾಪ್ಟನ್ ವಾಟ್ಸನ್ ಎಂಬ ಅಧಿಕಾರಿಯನ್ನು ಮಲಬಾರಿನ ಕಾಡುಗಳ ರಕ್ಷಣಾಧಿಕಾರಿಯಾಗಿ ನೇಮಿಸಿದರು. ಭಾರತದಲ್ಲಿ ಇಂಥ ಹುದ್ದೆ ಅದೇ ಮೊದಲನೆಯದು. ಆ ರಕ್ಷಣೆಯ ಉದ್ದೇಶ ಮರಗಳು ಉಳಿಯಲೆಂಬುದಲ್ಲ, ಹಡಗಿಗೆ ಮರ ತಪ್ಪದೆ ಸಿಕ್ಕಲೆಂಬುದು.

ಆ ತೇಗದಿಂದ ಹಡಗು ಕಟ್ಟುವ ಕುಶಲರು ಮುಂಬಯಿಯಲ್ಲಿದ್ದರು. ಸೂರತ್ತಿನಿಂದ ಬಂದ ಲೋವಜಿ ನಸರ್ವಾನಜಿ ವಾಡಿಯಾ ಎಂಬ ಪಾರಸಿ ಬಡಗಿಯ ವಂಶದವರು ಅಲ್ಲಿಯ ನೌಕಾಂಗಣವನ್ನು ತಲೆಮಾರುಗಳ ಕಾಲ ನಡೆಸಿದರು. ಅವರು ಕಟ್ಟಿದ ‘ಮಿಂಡನ್’ 1810ರಲ್ಲಿ, ‘ಕಾರ್ನ್‌ವಾಲಿಸ್’ 1813ರಲ್ಲಿ, ‘ಟ್ರಿಂಕಾಮಲೀ’ 1817ರಲ್ಲಿ ನೀರಿಗಿಳಿದವು. ಓಕ್ ಮರದಲ್ಲಿರುವ ಆಮ್ಲವು ಕಬ್ಬಿಣದ ಮೊಳೆಯನ್ನು ತಿನ್ನುತ್ತದೆ. ತೇಗದಲ್ಲಿರುವ ಎಣ್ಣೆಯು ಅದನ್ನು ಕಾಪಾಡುತ್ತದೆ. ಇದರಿಂದಲೇ ‘ಟ್ರಿಂಕಾಮಲೀ’ ಇಂದಿಗೂ ಇಂಗ್ಲೆಂಡಿನ ಹಾರ್ಟ್‌ಲ್‌ಪೂಲ್ ಬಂದರಿನಲ್ಲಿ ತೇಲುತ್ತಿದೆ. 1842ರಲ್ಲಿ ಚೀನದೇಶವು ಸೋತು ನಾನ್‌ಕಿಂಗ್ ಒಪ್ಪಂದಕ್ಕೆ ರುಜು ಹಾಕಿದ್ದು ‘ಕಾರ್ನ್‌ವಾಲಿಸ್’ ಹಡಗಿನ ಮೇಲೆಯೇ. ಭಾರತದ ಮರ, ಭಾರತದ ಕೈಕೆಲಸ, ಬ್ರಿಟನ್ನಿನ ಬಾವುಟ! ಸರಬರಾಜಿನ ಸರಪಣಿಯನ್ನು ಹಿಡಿದವನ ಕೈಯಲ್ಲಿ ಕುಶಲಕರ್ಮಿಯ ಕೌಶಲವೂ ಹೇಗೆ ಸೇರಿಹೋಗುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಈ ವೈಭವವು ಹೆಚ್ಚು ಕಾಲ ನಿಲ್ಲಲಿಲ್ಲ. 1814-15ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಮಾಡಿದ ಕಾಯಿದೆಗಳು ನಮ್ಮ ಲಸ್ಕರ್ ನಾವಿಕರನ್ನು ಬ್ರಿಟಿಷ್ ನಾವಿಕರೆಂದು ಎಣಿಸದೆ, ಭಾರತದ ಹಡಗುಗಳು ಲಂಡನ್ನಿಗೆ ಹೋಗಿ ವ್ಯಾಪಾರ ಮಾಡುವುದನ್ನು ಕಷ್ಟಗೊಳಿಸಿದವು. ಅದರ ಬೆನ್ನಹಿಂದೆಯೇ ಕಬ್ಬಿಣ ಮತ್ತು ಹಬೆಯ ಕಾಲ ಬಂದಿತು. ಬಡಗಿಯ ಕೈಯಲ್ಲಿದ್ದ ವಿದ್ಯೆ ಕಡಮೆಯಾಗಿರಲಿಲ್ಲ. ಆದರೆ ಹಡಗಿನ ಬೇರು ಕಾಡಿನಿಂದ ಕಲ್ಲಿದ್ದಲ ಗಣಿಗೂ ಕಬ್ಬಿಣದ ಕುಲುಮೆಗೂ ಹೋಗಿದ್ದಿತು. ಅವು ಬ್ರಿಟನ್ನಿನಲ್ಲಿ ಒಂದರ ಪಕ್ಕದಲ್ಲೊಂದು ಇದ್ದವು, ನಮ್ಮಲ್ಲಿರಲಿಲ್ಲ. ಬೇರು ಬೇರೆಡೆಗೆ ಹೋದಮೇಲೆ ಹೂವು ಇಲ್ಲಿ ಉಳಿದೀತೆ?

ಹಬೆಯ ಹಡಗಿಗೆ ಗಾಳಿಯ ಹಂಗಿಲ್ಲವೆಂದು ಜನರು ಹಿಗ್ಗಿದರು. ಅದಕ್ಕೆ ಬದಲಾಗಿ ಕಲ್ಲಿದ್ದಲ ಹಂಗು ಬಂದಿತೆಂಬುದನ್ನು 1904ರಲ್ಲಿ ರಷ್ಯದ ನೌಕಾಪಡೆಯು ಚೆನ್ನಾಗಿ ಕಲಿಯಿತು. ಜಪಾನಿನೊಡನೆ ಯುದ್ಧ ನಡೆದಿರುವಾಗ ಬಾಲ್ಟಿಕ್ ಸಮುದ್ರದ ಪಡೆಯನ್ನು ಪೂರ್ವಕ್ಕೆ ಕಳುಹಿಸಬೇಕಾಯಿತು. ದಾರಿ ಸುಮಾರು 18,000 ನಾವಿಕ ಮೈಲಿ. ದಾರಿಯುದ್ದಕ್ಕೂ ಇದ್ದ ಬ್ರಿಟಿಷ್ ಬಂದರುಗಳಲ್ಲಿ ಅದಕ್ಕೆ ಕಲ್ಲಿದ್ದಲು ಸಿಕ್ಕುವಂತಿರಲಿಲ್ಲ. ಜರ್ಮನಿಯ ಹ್ಯಾಂಬರ್ಗ್-ಅಮೆರಿಕ ಕಂಪೆನಿಯ ಕಲ್ಲಿದ್ದಲ ಹಡಗುಗಳು ಗೊತ್ತಾದ ಕಡೆಗಳಲ್ಲಿ ಕಾದಿದ್ದು ಇಂಧನ ಒದಗಿಸಿದುದರಿಂದ ಮಾತ್ರ ಆ ಪಡೆಯು ಮುಂದೆ ಸಾಗಿತು. ಮುಂದಿನ ತಂಗುದಾಣದ ಭರವಸೆಯಿಲ್ಲದೆ ಹಡಗಿನ ಮೇಲಟ್ಟದಲ್ಲಿಯೂ ಕೋಣೆಗಳಲ್ಲಿಯೂ ಕಲ್ಲಿದ್ದಲನ್ನು ಒಟ್ಟಿಕೊಂಡು ಹೊರಟರು. ಏಳು ತಿಂಗಳ ಪ್ರಯಾಣದಿಂದ ದಣಿದು ಹೋದ ಆ ಪಡೆಯು 1905ರ ಮೇ ತಿಂಗಳಲ್ಲಿ ತ್ಸುಶಿಮ ಜಲಸಂಧಿಯಲ್ಲಿ ಎರಡೇ ದಿನಗಳಲ್ಲಿ ನಾಶವಾಯಿತು. ಅದು ಸೋತದ್ದಕ್ಕೆ ಕಾರಣಗಳು ಹಲವು. ಆದರೆ ಯುದ್ಧನೌಕೆಗಳನ್ನು ಸ್ವಂತಕ್ಕೆ ಕಟ್ಟಿಕೊಂಡು ಇಂಧನವನ್ನು ಪರರ ವರ್ತಕನಿಂದ ಕೊಳ್ಳುವ ದೇಶದ ನೌಕಾಬಲವು ಆ ವರ್ತಕನ ಇಷ್ಟದವರೆಗೆ ಮಾತ್ರ ಚಾಚಬಲ್ಲದೆಂಬ ಮಾತು ಅಂದೇ ಸಿದ್ಧವಾಯಿತು.

ಎರಡನೆಯ ಮಹಾಯುದ್ಧವು ಈ ಪಾಠವನ್ನು ಇನ್ನೂ ದೊಡ್ಡ ಅಕ್ಷರಗಳಲ್ಲಿ ಬರೆಯಿತು. ಅಟ್ಲಾಂಟಿಕ್ ಸಾಗರದಲ್ಲಿ ಜರ್ಮನಿಯ ಜಲಾಂತರ್ಗಾಮಿಗಳು ಸರಕುಹಡಗುಗಳನ್ನು ಒಂದಾದಮೇಲೊಂದರಂತೆ ಮುಳುಗಿಸುತ್ತಿದ್ದವು. ಬ್ರಿಟನ್ನು ಉಳಿಯಬೇಕಾದರೆ ಮುಳುಗುವುದಕ್ಕಿಂತ ಬೇಗನೆ ಹಡಗುಗಳನ್ನು ಕಟ್ಟಬೇಕಾಗಿದ್ದಿತು. ಅಮೆರಿಕದವರು ಒಂದೇ ಮಾದರಿಯ, ಸರಳವಾದ ‘ಲಿಬರ್ಟಿ’ ಹಡಗನ್ನು ಆರಿಸಿಕೊಂಡರು. ಒಳನಾಡಿನ ಕಾರ್ಖಾನೆಗಳಲ್ಲಿ ಭಾಗಗಳನ್ನು ಸಿದ್ಧಮಾಡಿ, ರೈಲಿನಲ್ಲಿ ತಂದು, ಕಡಲತೀರದಲ್ಲಿ ಬೆಸುಗೆ ಹಾಕಿ ಜೋಡಿಸಿದರು. ಮೊದಮೊದಲು ಒಂದು ಹಡಗಿಗೆ 200 ದಿನಗಳಿಗೂ ಹೆಚ್ಚು ಹಿಡಿಯುತ್ತಿದ್ದಿತು. ಬರಬರುತ್ತ ಸರಾಸರಿ 42 ದಿನಗಳಿಗೆ ಇಳಿಯಿತು. 1942ರ ನವೆಂಬರಿನಲ್ಲಿ ‘ರಾಬರ್ಟ್ ಇ. ಪಿಯರಿ’ ಎಂಬ ಹಡಗನ್ನು ಐದು ದಿನ ತುಂಬುವುದರೊಳಗಾಗಿ ನೀರಿಗಿಳಿಸಿದರು. 1941ರಿಂದ 1945ರವರೆಗೆ ಕಟ್ಟಿದ ಲಿಬರ್ಟಿ ಹಡಗುಗಳು 2710. ಅವಸರದ ಕೆಲಸಕ್ಕೆ ದಂಡವೂ ತೆರಬೇಕಾಯಿತು: ತಣ್ಣನೆಯ ಕಡಲಿನಲ್ಲಿ ಕೆಲವು ಹಡಗುಗಳ ಒಡಲು ಬಿರಿಯಿತು. ಚಳಿಯಲ್ಲಿ ಆ ಉಕ್ಕು ಗಾಜಿನಂತೆ ಪೆಡಸಾಗುತ್ತಿದ್ದಿತೆಂದು ಮುಂದಿನ ಶೋಧನೆಯಿಂದ ತಿಳಿಯಿತು. ಉಕ್ಕು ಇದ್ದರೆ ಸಾಲದು, ಕಡಲಿಗೆ ತಕ್ಕ ಉಕ್ಕು ಬೇಕು ಎಂಬ ಈ ಮಾತನ್ನು ನೆನಪಿನಲ್ಲಿಡೋಣ. ಮುಂದೆ ನಮ್ಮ ದೇಶದ ವಿಷಯದಲ್ಲಿಯೂ ಇದು ಬರುತ್ತದೆ.

ಅದೇ ಯುದ್ಧದಲ್ಲಿ ಜಪಾನಿನ ಸ್ಥಿತಿ ಇದಕ್ಕೆ ತೀರ ವಿರುದ್ಧ. ಅದರ ಯುದ್ಧನೌಕೆಗಳು ಯಾರಿಗೂ ಕಡಮೆಯಾಗಿರಲಿಲ್ಲ. ಆದರೆ ಎಣ್ಣೆ, ಅದಿರು, ಅಕ್ಕಿ ಎಲ್ಲವೂ ಕಡಲು ದಾಟಿ ಬರಬೇಕು. 1941ರಲ್ಲಿ ಸುಮಾರು 60 ಲಕ್ಷ ಟನ್ನುಗಳಷ್ಟಿದ್ದ ಅದರ ವಾಣಿಜ್ಯನೌಕೆಗಳ ಸಮೂಹವು ಯುದ್ಧದ ಕೊನೆಗೆ 20 ಲಕ್ಷ ಟನ್ನಿಗೂ ಕೆಳಗಿಳಿಯಿತು. ಸರಕುಹಡಗುಗಳನ್ನು ಗುಂಪುಗೂಡಿಸಿ ಕಾವಲಿನೊಡನೆ ಕಳುಹಿಸುವ ಏರ್ಪಾಡನ್ನು ಅದು ಬಹಳ ತಡವಾಗಿ ಮಾಡಿತು. 1944ರಲ್ಲಿ ಎಣ್ಣೆಯು ನೌಕಾಪಡೆಯ ಬಳಿಗೆ ಬರಲಾರದಾದಾಗ, ನೌಕಾಪಡೆಯ ದೊಡ್ಡ ಭಾಗವೇ ಎಣ್ಣೆಯ ಬಳಿಗೆ ಹೋಗಿ ಸಿಂಗಪುರದ ಹತ್ತಿರದ ಲಿಂಗ ದ್ವೀಪಗಳಲ್ಲಿ ಬೀಡುಬಿಟ್ಟಿತು. ಬಾವಿಯ ಹಗ್ಗ ಹರಿದವನು ಕೊಡವನ್ನು ಹೊತ್ತು ಕೆರೆಗೆ ಹೋದಂತಾಯಿತು.

ಇನ್ನು ನಮ್ಮ ಕಾಲಕ್ಕೆ ಬರೋಣ. ಲೋಕದ ಸರಕುಗಳಲ್ಲಿ, ತೂಕದ ಲೆಕ್ಕದಲ್ಲಿ, ನೂರಕ್ಕೆ 80ಕ್ಕೂ ಮಿಕ್ಕು ಪಾಲು ಕಡಲಿನ ಮೇಲೆಯೇ ಸಾಗುತ್ತದೆ. ಆ ಸರಕನ್ನು ಹೊರುವ ಹಡಗುಗಳನ್ನು ಕಟ್ಟುವವರಾರು? 2023ರಲ್ಲಿ ಕಟ್ಟಿ ಮುಗಿದ ವಾಣಿಜ್ಯನೌಕೆಗಳ ಒಟ್ಟು ಪ್ರಮಾಣದಲ್ಲಿ ಅರ್ಧಕ್ಕಿಂತ ಹೆಚ್ಚು ಚೀನದ್ದು. ಚೀನ, ದಕ್ಷಿಣ ಕೊರಿಯ, ಜಪಾನ್ ಈ ಮೂರು ದೇಶಗಳದನ್ನು ಕೂಡಿಸಿದರೆ ನೂರಕ್ಕೆ 90ನ್ನು ಮೀರುತ್ತದೆ. ಸರಕು ತುಂಬುವ ಉಕ್ಕಿನ ಪೆಟ್ಟಿಗೆ, ಅಂದರೆ ಕಂಟೇನರ್, ಅದೂ ಬಹುತೇಕ ಚೀನದಲ್ಲಿಯೇ ತಯಾರಾಗುತ್ತದೆ. ಅಲ್ಲಿ ಸರಕುಹಡಗನ್ನೂ ಯುದ್ಧನೌಕೆಯನ್ನೂ ಕಟ್ಟುವ ಸಂಸ್ಥೆ ಒಂದೇ ಆಗಿರುವುದುಂಟು. ವ್ಯಾಪಾರದ ಹಡಗಿಗಾಗಿ ಬೆಳೆಸಿದ ಬೆಸುಗೆಗಾರ, ಎಂಜಿನಿಯರು, ಉಕ್ಕಿನ ಕಾರ್ಖಾನೆ ಇವರೆಲ್ಲರೂ ಯುದ್ಧನೌಕೆಗೂ ದೊರೆಯುತ್ತಾರೆ. ಯುದ್ಧನೌಕೆಯ ಕೆಲಸವಿಲ್ಲದ ವರ್ಷದಲ್ಲಿ ಸರಕುಹಡಗು ಅವರಿಗೆ ಅನ್ನ ಕೊಡುತ್ತದೆ. ಚೀನದ ನೌಕಾಪಡೆಯ ತ್ವರಿತವಾದ ಬೆಳವಣಿಗೆಗೆ ಇದು ಒಂದು ಮುಖ್ಯ ಆಧಾರ.

ಸರಪಣಿಯು ಲೋಕವನ್ನೆಲ್ಲ ಸುತ್ತಿರುವುದರಿಂದ ಅದರ ಒಂದು ಕೊಂಡಿ ಸಿಕ್ಕಿಬಿದ್ದರೂ ದೂರದೂರದವರಿಗೆ ತಗಲುತ್ತದೆ. 2021ರ ಮಾರ್ಚಿಯಲ್ಲಿ ‘ಎವರ್ ಗಿವನ್’ ಎಂಬ 400 ಮೀಟರು ಉದ್ದದ ಹಡಗು ಸೂಯೆಜ್ ಕಾಲುವೆಯಲ್ಲಿ ಅಡ್ಡವಾಗಿ ಕೂತು ಆರು ದಿನ ಲೋಕವ್ಯಾಪಾರದ ಒಂದು ಹೆದ್ದಾರಿಯನ್ನು ಮುಚ್ಚಿತು. 2023ರ ನವೆಂಬರಿನಿಂದ ಯೆಮನಿನ ಹೂತಿಗಳು ಕೆಂಪುಸಮುದ್ರದ ಹಡಗುಗಳ ಮೇಲೆ ಏರಿಬಿದ್ದಾಗ, ಅನೇಕ ಕಂಪೆನಿಗಳು ಹಡಗುಗಳನ್ನು ಆಫ್ರಿಕದ ತುದಿಯನ್ನು ಸುತ್ತಿಸಿ ಕಳುಹಿಸಿದವು. ವಿಮೆಯ ದರ ಏರಿತು, ಬಾಡಿಗೆ ಏರಿತು. ತಮ್ಮದೆಂಬ ನೌಕಾಪಡೆಯೇ ಇಲ್ಲದ ಗುಂಪೊಂದು ಕಡಲಿನ ಇಕ್ಕಟ್ಟಾದ ಬಾಗಿಲಲ್ಲಿ ನಿಂತು ಇಷ್ಟನ್ನು ಮಾಡಿತೆಂಬುದು ವಿಚಾರಿಸತಕ್ಕ ವಿಷಯ.

ಈ ಲೆಕ್ಕದಲ್ಲಿ ಭಾರತದ ಸ್ಥಾನವೆಲ್ಲಿ? ಸ್ವಂತ ಹಡಗಿನ ಆಸೆ ನಮ್ಮಲ್ಲಿ ಹೊಸದಲ್ಲ. 1906ರಲ್ಲಿ ವಿ. ಓ. ಚಿದಂಬರಂ ಪಿಳ್ಳೆಯವರು ತೂತ್ತುಕುಡಿಯಲ್ಲಿ ಸ್ವದೇಶಿ ಹಡಗು ಕಂಪೆನಿಯನ್ನು ಸ್ಥಾಪಿಸಿ ಕೊಲಂಬೊ ಮಾರ್ಗದಲ್ಲಿ ಹಡಗು ನಡೆಸಿದರು. ಬ್ರಿಟಿಷ್ ಕಂಪೆನಿಯು ದರವನ್ನಿಳಿಸಿ ಪೈಪೋಟಿ ಮಾಡಿತು, ಸರ್ಕಾರವು 1908ರಲ್ಲಿ ಅವರನ್ನು ಸೆರೆಯಲ್ಲಿಟ್ಟಿತು, ಕಂಪೆನಿ ಮುಳುಗಿತು. 1919ರ ಏಪ್ರಿಲ್ 5ರಂದು ಸಿಂಧಿಯಾ ಕಂಪೆನಿಯ ‘ಲಾಯಲ್ಟಿ’ ಹಡಗು ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. ಆ ಕಂಪೆನಿಯ ಮುಖ್ಯರಾದ ವಾಲ್‌ಚಂದ್ ಹೀರಾಚಂದರು 1941ರಲ್ಲಿ ವಿಶಾಖಪಟ್ಟಣದಲ್ಲಿ ಹಡಗಿನ ಕಾರ್ಖಾನೆಗೆ ಅಡಿಗಲ್ಲಿಡಿಸಿದರು. 1948ರಲ್ಲಿ ಅಲ್ಲಿಂದ ‘ಜಲ ಉಷಾ’ ನೀರಿಗಿಳಿಯಿತು. ಮೈಸೂರಿನವರಿಗೆ ವಾಲ್‌ಚಂದರ ಹೆಸರು ಪರಕೀಯವಲ್ಲ. 1940ರಲ್ಲಿ ಮೈಸೂರು ಸರ್ಕಾರದ ಸಹಾಯದಿಂದ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆಯನ್ನು ಆರಂಭಿಸಿದವರೂ ಅವರೇ.

ಆ ಎರಡು ದಾರಿಗಳು ಮುಂದೆ ಒಂದೆಡೆ ಕೂಡಿದವು. ಕೊಚ್ಚಿಯಲ್ಲಿ ‘ವಿಕ್ರಾಂತ್’ ಎಂಬ ವಿಮಾನವಾಹಕ ನೌಕೆಯನ್ನು ಕಟ್ಟಲು ಹೊರಟಾಗ, ರಷ್ಯದಿಂದ ಬರಬೇಕಾಗಿದ್ದ ವಿಶೇಷವಾದ ಉಕ್ಕು ಸಕಾಲಕ್ಕೆ ದೊರೆಯಲಿಲ್ಲ. ಹೈದರಾಬಾದಿನ ರಕ್ಷಣಾ ಲೋಹಶಾಸ್ತ್ರದ ಸಂಶೋಧನಾಲಯವೂ ಭಾರತದ ಉಕ್ಕು ಪ್ರಾಧಿಕಾರವೂ ಸೇರಿ ಆ ಬಗೆಯ ಉಕ್ಕನ್ನು ಇಲ್ಲಿಯೇ ತಯಾರಿಸಿದರು. ಭಿಲಾಯಿ, ಬೊಕಾರೊ, ರೂರ್ಕೆಲಾಗಳಿಂದ ಸುಮಾರು 30,000 ಟನ್ನು ಉಕ್ಕು ಹೋಯಿತು. ನೌಕೆಯನ್ನು ನಡೆಸುವ ನಾಲ್ಕು ಅನಿಲಚಕ್ರ ಯಂತ್ರಗಳನ್ನು ಜೋಡಿಸಿಕೊಟ್ಟದ್ದು ಬೆಂಗಳೂರಿನ ಅದೇ ವಿಮಾನದ ಕಾರ್ಖಾನೆ, ಈಗಿನ ಹಿಂದೂಸ್ಥಾನ್ ಏರೋನಾಟಿಕ್ಸ್. 2022ರ ಸೆಪ್ಟೆಂಬರ್ 2ರಂದು ನೌಕೆಯು ಪಡೆಯನ್ನು ಸೇರಿತು. ಆ ಉಕ್ಕಿನ ವಿದ್ಯೆ ಅಲ್ಲಿಗೇ ನಿಲ್ಲದೆ ಮುಂದಿನ ಯುದ್ಧನೌಕೆಗಳಿಗೂ ಆಧಾರವಾಗಿದೆ. ಆದರೆ ಯಂತ್ರದ ವಿನ್ಯಾಸ ಅಮೆರಿಕದ್ದೆಂಬುದನ್ನು ಮರೆಯುವಂತಿಲ್ಲ.

ಯಂತ್ರದ ಕೊಂಡಿ ಎಷ್ಟು ಸೂಕ್ಷ್ಮವಾದುದೆಂಬುದಕ್ಕೆ ‘ತುಷಿಲ್’ ನೌಕೆಯ ಕಥೆ ಸಾಕ್ಷಿ. ರಷ್ಯವು ತನ್ನ ನೌಕಾಪಡೆಗೆಂದು ಕಾಲಿನಿನ್‌ಗ್ರಾದಿನಲ್ಲಿ ಕಟ್ಟತೊಡಗಿದ್ದ ಹಡಗು ಅದು. ಅದರ ಯಂತ್ರಗಳು ಉಕ್ರೇನಿನಿಂದ ಬರಬೇಕಾಗಿದ್ದಿತು. 2014ರಲ್ಲಿ ಆ ಎರಡು ದೇಶಗಳ ಸಂಬಂಧ ಮುರಿಯಿತು. ಉಕ್ರೇನು ಯಂತ್ರ ಕೊಡುವುದನ್ನು ನಿಲ್ಲಿಸಿತು. ಅರೆಕಟ್ಟಿದ ಒಡಲು ನಿಂತಲ್ಲಿಯೇ ನಿಂತಿತು. 2018ರಲ್ಲಿ ಅದನ್ನು ಕೊಳ್ಳಲೊಪ್ಪಿದ ಭಾರತವು ಯಂತ್ರಗಳನ್ನು ತಾನೇ ಉಕ್ರೇನಿನಿಂದ ಕೊಂಡು ರಷ್ಯಕ್ಕೆ ಒದಗಿಸಿತು. 2024ರ ಡಿಸೆಂಬರಿನಲ್ಲಿ ನೌಕೆ ನಮ್ಮದಾಯಿತು. ಬಲಿಷ್ಠವಾದ ರಷ್ಯದ ಹಡಗನ್ನು ತಡೆದದ್ದು ಶತ್ರುವಿನ ಗುಂಡಲ್ಲ, ಬಾರದ ಒಂದು ಯಂತ್ರ. ಇಂದು ಜಾಣ್ಮೆಯಿಂದ ಬಿಡಿಸಿದ ಈ ಗಂಟು ನಾಳೆ ನಮ್ಮ ಕೊರಳಿಗೇ ಬೀಳಬಹುದೆಂಬುದನ್ನು ಬಲ್ಲವರು ಬಲ್ಲರು.

ವಾಣಿಜ್ಯನೌಕೆಗಳ ವಿಷಯದಲ್ಲಿ ನಮ್ಮ ಸ್ಥಿತಿ ಇನ್ನೂ ವಿಚಿತ್ರವಾಗಿದೆ. ಹಡಗಿನ ಆಯುಸ್ಸನ್ನು ಹುಟ್ಟಿನಿಂದ ಸಾವಿನವರೆಗೆ ನೋಡಿ. ಹುಟ್ಟಿಗೆ ಬೇಕಾದುದು ಅದಿರು. ಬಳ್ಳಾರಿ ಸೀಮೆಯ ಅದಿರು, 2010ರಲ್ಲಿ ಕರ್ನಾಟಕ ಸರ್ಕಾರವು ರಫ್ತನ್ನು ತಡೆಯುವವರೆಗೆ, ಹೊರದೇಶಗಳಿಗೆ ಹೋಗುತ್ತಿದ್ದಿತು. ಕುದುರೆಮುಖದ ಅದಿರು, ಅಲ್ಲಿಯ ಗಣಿ 2005ರ ಕೊನೆಯಲ್ಲಿ ನಿಲ್ಲುವವರೆಗೆ, ಕೊಳವೆಯಲ್ಲಿ ಹರಿದು ಮಂಗಳೂರಿಗೆ ಬಂದು ಹಡಗೇರುತ್ತಿದ್ದಿತು. ನಡುವಯಸ್ಸಿನಲ್ಲಿ ಹಡಗನ್ನು ನಡೆಸುವ ನಾವಿಕರು: ಲೋಕದ ನಾವಿಕರಲ್ಲಿ ಸುಮಾರು ಹತ್ತರಲ್ಲೊಬ್ಬನು ಭಾರತೀಯ. ಕೊನೆಗೆ ಮುದಿಹಡಗು ಸಾಯಲು ಬರುವುದು ಗುಜರಾತಿನ ಅಲಂಗ್ ತೀರಕ್ಕೆ. ಅಲ್ಲಿ ನಮ್ಮ ಕೂಲಿಗಳು ಅದನ್ನು ಕಡಿದು ಗುಜರಿ ಮಾಡುತ್ತಾರೆ. ಅದಿರು ನಮ್ಮದಾಗಿದ್ದಿತು, ಬೆವರು ನಮ್ಮದು, ಮಸಣವೂ ನಮ್ಮದು. ಹೆಚ್ಚಿನ ಹಣ ಹುಟ್ಟುವ, ಹೆಚ್ಚಿನ ವಿದ್ಯೆ ಬೆಳೆಯುವ ಕಟ್ಟುವ ಕೆಲಸ ಮಾತ್ರ ಪರರದು. ಲೋಕದ ಹಡಗು ನಿರ್ಮಾಣದಲ್ಲಿ ನಮ್ಮ ಪಾಲು ನೂರರಲ್ಲಿ ಒಂದೂ ಆಗದು. 1980ರ ದಶಕದ ಕೊನೆಯಲ್ಲಿ ನಮ್ಮ ವಿದೇಶ ವ್ಯಾಪಾರದ ಸರಕಿನಲ್ಲಿ ನೂರಕ್ಕೆ 40ರಷ್ಟನ್ನು ನಮ್ಮ ಹಡಗುಗಳೇ ಒಯ್ಯುತ್ತಿದ್ದವು. ಈಗ ಅದು ನೂರಕ್ಕೆ ಹತ್ತಕ್ಕೂ ಕೆಳಗೆ ಬಂದಿದೆ. ನಮಗೆ ಬೇಕಾದ ಕಚ್ಚಾ ಎಣ್ಣೆಯಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಹೊರಗಿನಿಂದ ಬರುವುದೆಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಚಿಂತೆಯಾಗುತ್ತದೆ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು: ಅಗ್ಗವಾಗಿ ಸಿಕ್ಕುವಾಗ ಕೊಂಡರಾಗದೆ? ಎಲ್ಲವನ್ನೂ ಎಲ್ಲರೂ ಮಾಡಬೇಕೆ? ಈ ಮಾತಿನಲ್ಲಿ ನ್ಯಾಯವಿದೆ. ಬರಿಯ ಬೇಲಿ ಹಾಕಿದರೆ ತೋಟ ಬೆಳೆಯದು. ಅಮೆರಿಕವು 1920ರಲ್ಲಿಯೇ, ತನ್ನ ಬಂದರುಗಳ ನಡುವೆ ತನ್ನಲ್ಲಿ ಕಟ್ಟಿದ ಹಡಗುಗಳೇ ಸಾಗಬೇಕೆಂದು ಕಾಯಿದೆ ಮಾಡಿತು. ಯುದ್ಧಕಾಲದಲ್ಲಿ 2710 ಹಡಗುಗಳನ್ನು ಕಟ್ಟಿದ ಆ ದೇಶದ ಪಾಲು ಇಂದು ಲೋಕದ ವಾಣಿಜ್ಯನೌಕೆಗಳ ನಿರ್ಮಾಣದಲ್ಲಿ ನೂರಕ್ಕೆ ಒಂದೂ ಇಲ್ಲ. ಯುದ್ಧನೌಕೆಗಳನ್ನು ಹೊತ್ತಿಗೆ ಮುಗಿಸಲು ನುರಿತ ಕೆಲಸಗಾರರಿಲ್ಲದೆ ಅದು ಕಷ್ಟಪಡುತ್ತಿದೆ. ಕೊರಿಯದವರ ದಾರಿ ಬೇರೆ. ಅಲ್ಲಿ 1973ರಲ್ಲಿ ಪೊಹಾಂಗ್ ಉಕ್ಕಿನ ಕಾರ್ಖಾನೆ ಕೆಲಸಕ್ಕೆ ತೊಡಗಿತು. ಉಲ್ಸಾನಿನಲ್ಲಿ 1972ರಿಂದ ಹಡಗಿನ ಕಾರ್ಖಾನೆಯನ್ನೂ ಅದರ ಮೊದಲ ಎಣ್ಣೆಹಡಗುಗಳನ್ನೂ ಏಕಕಾಲದಲ್ಲಿ ಕಟ್ಟಿದರು. ಎಣ್ಣೆಯ ಬೆಲೆಯೇರಿ ಕೊಳ್ಳುವವರು ಹಿಂದೆಗೆದಾಗ, ಉಳಿದ ಹಡಗುಗಳನ್ನು ನಡೆಸಲು 1976ರಲ್ಲಿ ತಾವೇ ಒಂದು ಸಾಗಣೆಯ ಕಂಪೆನಿಯನ್ನು ಸ್ಥಾಪಿಸಿಕೊಂಡರು. ಉಕ್ಕು, ಕಟ್ಟುವಿಕೆ, ಸಾಗಣೆ ಮೂರೂ ಒಂದನ್ನೊಂದು ಹೊತ್ತು ನಿಂತವು. ಹೊರಗಿನ ಕೊಳ್ಳುವವನನ್ನು ಮೆಚ್ಚಿಸಬೇಕಾದ್ದರಿಂದ ಕೆಲಸವೂ ಚುರುಕಾಯಿತು.

2025ರ ಸೆಪ್ಟೆಂಬರಿನಲ್ಲಿ ಭಾರತ ಸರ್ಕಾರವು ಹಡಗು ನಿರ್ಮಾಣದ ಪ್ರೋತ್ಸಾಹಕ್ಕೆ 69,725 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆಯಿತ್ತಿತು. ನಮ್ಮ ಮಲ್ಪೆಯ ತೀರದಲ್ಲಿಯೇ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಎಂಬ ಕಾರ್ಖಾನೆಯು 2023ರಲ್ಲಿ ನಾರ್ವೆಯ ಸಂಸ್ಥೆಯೊಂದಕ್ಕೆ ಸರಕುಹಡಗುಗಳನ್ನು ಕಟ್ಟಿಕೊಡಲು ಒಪ್ಪಿಕೊಂಡಿತು. ಸಣ್ಣ ಹಡಗುಗಳೇ ಆದರೂ ಹೊರನಾಡಿನವನು ಹಣ ಕೊಟ್ಟು ಕೊಳ್ಳುವ ಹಡಗುಗಳವು. ಕಾರವಾರದ ಕದಂಬ ನೌಕಾನೆಲೆಯಲ್ಲಿ ಲಂಗರು ಹಾಕುವ ದೊಡ್ಡ ನೌಕೆಗಳಷ್ಟೇ ಇವೂ ನೌಕಾಬಲದ ಲೆಕ್ಕಕ್ಕೆ ಸೇರತಕ್ಕವು. ಆದರೆ ಹಣದಿಂದ ಕೊಳ್ಳಲಾಗದ ಒಂದು ವಸ್ತುವಿದೆ. ಅದೇ ಎಡೆಬಿಡದ ಕೆಲಸ. ಹತ್ತು ವರ್ಷ ಬೆಸುಗೆ ಹಾಕಿ ಪಳಗಿದ ಕೈ ಎರಡು ವರ್ಷ ಕೆಲಸವಿಲ್ಲದೆ ಕುಳಿತರೆ ಬೇರೆ ಕಸುಬನ್ನು ಹುಡುಕಿಕೊಂಡು ಹೋಗುತ್ತದೆ. ಮುಂಬಯಿಯ ವಾಡಿಯಾಗಳ ವಿದ್ಯೆ ಹೋದಂತೆ ಅದೂ ಹೋದರೆ ಮರಳಿ ತರುವುದು ಸುಲಭವಲ್ಲ.

ಆದುದರಿಂದ ಇನ್ನು ಮುಂದೆ ಹೊಸ ಯುದ್ಧನೌಕೆಯೊಂದು ಪಡೆಗೆ ಸೇರಿದ ವಾರ್ತೆಯನ್ನು ಕೇಳಿದಾಗ ನಾವು ಹೆಮ್ಮೆಪಡುವುದರ ಜೊತೆಗೆ ಮೂರು ಪ್ರಶ್ನೆಗಳನ್ನೂ ಕೇಳಬೇಕು. ಇದರ ಉಕ್ಕು ಎಲ್ಲಿಯದು? ಇದರ ಯಂತ್ರ ಕೆಟ್ಟರೆ ಬಿಡಿಭಾಗ ಯಾರ ದಯೆಯಿಂದ ಬರಬೇಕು? ಇದು ಕಾಯಬೇಕಾದ ಸರಕುಹಡಗುಗಳಲ್ಲಿ ನಮ್ಮವು ಎಷ್ಟು? ಸರಪಣಿಯ ಕೊಂಡಿಗಳೆಲ್ಲವೂ ನಮ್ಮ ಕೈಯಲ್ಲಿರಬೇಕೆಂಬ ಹಟ ಬೇಡ. ಯಾವ ಕೊಂಡಿ ಹರಿದರೆ ನಾವೇ ಬೆಸೆಯಬಲ್ಲೆವು, ಯಾವುದನ್ನು ಬೆಸೆಯಲಾರೆವು ಎಂಬುದನ್ನು ಶಾಂತಿಯ ಕಾಲದಲ್ಲಿಯೇ ಎಣಿಸಿ ಇಟ್ಟುಕೊಂಡಿರಬೇಕು. ಯುದ್ಧದ ದಿನ ಎಣಿಸಹೊರಟವರಿಗೆ ಏನಾಯಿತೆಂಬುದನ್ನು ತ್ಸುಶಿಮವೂ ಲಿಂಗ ದ್ವೀಪಗಳೂ ಹೇಳುತ್ತವೆ.